ಹದಿನೇಳನೆಯ ಸೆಕೆಂಡು

ನಮ್ಮ ಓದು ಬಳಗಕ್ಕೆ ಇರುವುದು ಒಂದೇ ನಿಯಮ. ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಕೇಳಿದವರಲ್ಲಿ ಒಬ್ಬರಿಗೆ ತಿಳಿಯದಿದ್ದರೂ ಓದುವವರು ಮುಂದಿನ ಸಾಲಿಗೆ ಹೋಗುವಂತಿಲ್ಲ. "ನನಗ ತಿಳೀಲಿಲ್ಲ" ಎಂದು ಯಾರಾದರೂ ಅಂದರೆ ಆ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಬೇಕು. ಈ ನಿಯಮ ಮಾಡಿದವಳು ಸುಕನ್ಯಕ್ಕ. ನಮ್ಮ ಕೇರಿಯಲ್ಲಿ ಮೊದಲು ಸಂಬಳದ ನೌಕರಿ ಹಿಡಿದವಳು ಅವಳೇ. ಲಿಂಗಸೂಗೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಭಾನುವಾರ ಮಧ್ಯಾಹ್ನ ಊರಿಗೆ ಬರುತ್ತಾಳೆ. ಸಮುದಾಯ ಭವನದ ತಗಡಿನ ನೆರಳಲ್ಲಿ ಹತ್ತು ಹನ್ನೆರಡು ಜನ ಕೂಡುತ್ತೇವೆ. ಸಂವಿಧಾನದ ಪೀಠಿಕೆಗೆ ನಮಗೆ ಐದು ಭಾನುವಾರ ಹಿಡಿದಿದ್ದವು. ಅದರಲ್ಲಿ ಎರಡು 'ಭ್ರಾತೃತ್ವ' ಎಂಬ ಒಂದೇ ಶಬ್ದಕ್ಕೆ ಹೋದವು. ಅಮರಮ್ಮ ದೊಡ್ಡವ್ವ ಬಿಡಲೇ ಇಲ್ಲ. "ಊರಾಗ ಇಲ್ಲದ್ದನ್ನ ಹಾಳಿಯಾಗ ಹೆಂಗ ತಿಳ್ಕೊಳ್ಳಲಿ?" ಎಂದು ಕೂತುಬಿಟ್ಟಳು. ಅವಳಿಗೆ ಓದು ಬರಹ ಬಾರದು. ಬಳಗದಲ್ಲಿ ಅತಿ ಹೆಚ್ಚು ಸಲ ಬೆರಳು ನಿಲ್ಲಿಸಿದವಳು ಅವಳೇ.

ಈ ಮಾರ್ಚಿನಲ್ಲಿ ನಾವು ಓದಲು ಕೂತದ್ದು ಪುಸ್ತಕವಲ್ಲ. ಮೂರು ಕ್ಯಾಮೆರಾಗಳ ಹೋಲಿಕೆ ಪಟ್ಟಿ. ಸುಕನ್ಯಕ್ಕ ಅದನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು, ಮಸ್ಕಿಯ ಝೆರಾಕ್ಸ್ ಅಂಗಡಿಯಲ್ಲಿ ಹನ್ನೆರಡು ಪ್ರತಿ ಮಾಡಿಸಿ ತಂದಿದ್ದಳು.

ಕ್ಯಾಮೆರಾ ಯಾಕೆ ಎಂಬುದನ್ನು ಹೇಳಬೇಕು. ಹೋದ ವರ್ಷ ಏಪ್ರಿಲ್ ಹದಿನಾಲ್ಕಕ್ಕೆ ಬಾಬಾಸಾಹೇಬರ ಫೋಟೊ ಇಟ್ಟ ಟ್ರ್ಯಾಕ್ಟರ್ ಮೊದಲ ಸಲ ನಮ್ಮೂರ ಅಗಸಿ ಬಾಗಿಲು ದಾಟಿ ಒಳಗೆ ಹೋಯಿತು. ಅಲ್ಲಿಯವರೆಗೆ ಕೇರಿಯ ಮೆರವಣಿಗೆ ಕೇರಿಯಲ್ಲೇ ಸುತ್ತಿ ಮುಗಿಯುತ್ತಿತ್ತು. ಊರಿನ ನಾಯಿ ಎಲ್ಲ ಓಣಿಗಳಲ್ಲೂ ತಿರುಗುತ್ತದೆ, ಊರಿನ ದೂಳು ಎಲ್ಲ ಓಣಿಗಳಲ್ಲೂ ಹಾರುತ್ತದೆ. ಒಂದು ಫೋಟೊ ಆ ಅಗಸಿ ದಾಟಲು ಎಪ್ಪತ್ತೈದು ವರ್ಷ ಬೇಕಾಯಿತು. ಹೊತ್ತು ಮುಳುಗಿ ದೀಪ ಹಚ್ಚುವ ಸಮಯ. ಅಂಗಡಿ ಸಾಲಿನ ಮುಂದೆ ಟ್ರ್ಯಾಕ್ಟರ್ ತಿರುಗುವಾಗ ಒಂದು ಕಲ್ಲು ಬಂತು. ಒಂದೇ ಕಲ್ಲು. ಗುರಿ ಇದ್ದದ್ದು ಫೋಟೊಗೆ. ಬಿದ್ದದ್ದು ಫೋಟೊ ಹಿಡಿದು ನಿಂತಿದ್ದ ಪವನನ ಎಡಗಣ್ಣಿಗೆ.

ಪವನ ಅಮರಮ್ಮನ ಮಗ, ನನ್ನ ಓರಗೆಯವ. ಭತ್ತದ ಚೀಲ ಸಾಗಿಸುವ ಟಂಟಂ ಓಡಿಸುತ್ತಿದ್ದ, ಈಗ ಓಡಿಸುವುದಿಲ್ಲ. ಎಡಗಣ್ಣಿನ ಜಾಗದಲ್ಲಿ ಗಾಜಿನ ಕಣ್ಣು ಕೂರಿಸಿದ್ದಾರೆ. ಅಂದಿನಿಂದ ಬಳಗದಲ್ಲಿ ಯಾರೂ ಹೇಳದೆಯೇ ಒಂದು ರೂಢಿ ಬೆಳೆದಿದೆ: ಪವನನ ಬಲಕ್ಕೆ ಕೂಡಬೇಕು. ಎಡಕ್ಕೆ ಕೂತರೆ ಮಾತಾಡಲು ಅವನು ಇಡೀ ಕುತ್ತಿಗೆ ಹೊರಳಿಸಬೇಕು. ಅವನ ಬಲಗಡೆಯ ಜಾಗ ಯಾವಾಗಲೂ ನನ್ನದು.

ಅಂದು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದವನೂ ನಾನೇ. ನಾನು ನಿಂಗರಾಜ. ಮಸ್ಕಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಮದುವೆ, ಕುಬಸದ ಕೆಲಸಕ್ಕೆ ಹೋಗುತ್ತೇನೆ. ಕೇರಿಯಲ್ಲಿ ಕ್ಯಾಮೆರಾ ಬಲ್ಲವನು ನಾನೊಬ್ಬ. ವಿಡಿಯೋ ನಲವತ್ತೊಂದು ಸೆಕೆಂಡಿನದು. ಹದಿನೇಳನೆಯ ಸೆಕೆಂಡಿನವರೆಗೆ ಟ್ರ್ಯಾಕ್ಟರ್, ಹೂವಿನ ಹಾರ, ಜೈಕಾರ. ಹದಿನೇಳನೆಯ ಸೆಕೆಂಡಿನಲ್ಲಿ ಚಿತ್ರ ನೆಲಕ್ಕಿಳಿಯುತ್ತದೆ. ಆಮೇಲೆ ಬರೀ ಚಪ್ಪಲಿಗಳು, ಟೈರು, ಅಮರಮ್ಮನ ಚೀರಾಟ. 'ಹೊಡೆದವರ ಮುಖ ಕಾಣುವುದಿಲ್ಲ' ಎಂದು ಪೊಲೀಸರು ಬರೆದರು. ಹೊಡೆದವನು ಯಾರೆಂದೇ ಗೊತ್ತಿಲ್ಲದಾಗ ಅವನ ಜಾತಿ ಹೇಗೆ ಗೊತ್ತಾಗಬೇಕು ಎಂದು ನಮ್ಮನ್ನೇ ಕೇಳಿ, ದೌರ್ಜನ್ಯದ ಕಲಂ ಹಾಕಲಿಲ್ಲ. ಅಗಸಿಯೊಳಗಿನಿಂದ ಬಂದ ಕಲ್ಲಿಗೆ ಜಾತಿ ಇಲ್ಲವಂತೆ. ಏಳು ತಿಂಗಳಾದ ಮೇಲೆ ಆರೋಪಿ ಪತ್ತೆಯಿಲ್ಲ ಎಂದು ಬಿ ರಿಪೋರ್ಟ್ ಹಾಕಿ ಕೈ ತೊಳೆದುಕೊಂಡರು. ಅಮರಮ್ಮ ಲಿಂಗಸೂಗೂರಿನ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿದ್ದಾಳೆ. ವಕೀಲರಾದ ಗಂಗಾದೇವಿಯವರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಬರುವ ಶುಕ್ರವಾರ ಸಾಕ್ಷಿ ಹೇಳಿಕೆ, ಅವತ್ತು ಯಾರಾದರೊಬ್ಬರು ಒಂದು ಹೆಸರು ಹೇಳದಿದ್ದರೆ ಕೇಸು ಅಲ್ಲಿಗೆ ಮುಗಿಯಿತು.

ಹೆಸರು ಯಾರಿಗೆ ಗೊತ್ತು? ಅದಕ್ಕೇ ಕ್ಯಾಮೆರಾ. ಈ ಕೇಸು ಹೋದರೂ ಈ ವರ್ಷದ ಮೆರವಣಿಗೆಯಲ್ಲಿ ಮುಖ ತಪ್ಪಿಸಿಕೊಳ್ಳಬಾರದು ಎಂದು ಬಳಗ ತೀರ್ಮಾನಿಸಿತ್ತು. ನಮ್ಮ ಕಣ್ಣು ಕಂಡದ್ದನ್ನು ಯಾವ ಕಚೇರಿಯೂ ಬರೆದುಕೊಳ್ಳುವುದಿಲ್ಲ, ಯಂತ್ರದ ಕಣ್ಣು ಕಂಡದ್ದನ್ನಾದರೂ ಬರೆದುಕೊಳ್ಳಲಿ.

ಜನ ನೂಕಿದರು, ಮೊಬೈಲ್ ಕೈತಪ್ಪಿತು ಎಂದು ನಾನು ಪೊಲೀಸರಿಗೂ ಬಳಗಕ್ಕೂ ಹೇಳಿದ್ದೆ. ಯಾರೂ ನೂಕಿರಲಿಲ್ಲ. ನಾನು ಮೊಬೈಲನ್ನು ಎಡದಿಂದ ಬಲಕ್ಕೆ ತಿರುಗಿಸುತ್ತಾ ಬರುತ್ತಿದ್ದೆ. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಹುಲಿಗೇಶ ನಿಂತಿದ್ದ. ಅವನ ಕೈ ಮೇಲೇಳುವುದು ಪರದೆಯ ಅಂಚಿನಾಚೆ ನನ್ನ ಕಣ್ಣಿಗೆ ಕಂಡಿತು. ಕೈಯಲ್ಲೇನಿದೆ ಎಂಬುದೂ ಕಂಡಿತು. ಇನ್ನೊಂದು ಗೇಣು ತಿರುಗಿಸಿದ್ದರೆ ಅವನು ಚೌಕಟ್ಟಿನೊಳಗೆ ಬರುತ್ತಿದ್ದ. ನಾನು ಮೊಬೈಲ್ ಕೆಳಗಿಳಿಸಿದೆ. ಹುಲಿಗೇಶ ನಮ್ಮೂರ ಅಗಸಿಯೊಳಗಿನವ. ಮಸ್ಕಿಯ ಸ್ಟುಡಿಯೋ ಅವನದು. ಕ್ಯಾಮೆರಾ ಹೇಗೆ ಹಿಡಿಯಬೇಕು, ಉಸಿರು ಎಲ್ಲಿ ಬಿಗಿಹಿಡಿಯಬೇಕು ಎಂದು ನನಗೆ ಕಲಿಸಿದ ಕೈ ಅದು.

*

ಪಟ್ಟಿಯಲ್ಲಿದ್ದವು ಮೂರೂ ಕಲಿಯುವವರ ದರ್ಜೆಯ ಕ್ಯಾಮೆರಾಗಳು. ಅವುಗಳ ಹೆಸರೋ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ. ಯಾರ ನಾಲಿಗೆಗೂ ಹತ್ತಲಿಲ್ಲ. ಪವನ ತಾನೇ ನಾಮಕರಣ ಮಾಡಿದ: ಗಿಡ್ಡಿ, ಗಟ್ಟಿ, ಕಿಂಡಿ. ಗಿಡ್ಡಿ ಅಂಗೈಯಲ್ಲಿ ಕೂಡುವಂಥದು, ಪರದೆ ಮಗುಚಿ ಹಿಡಿದವನ ಕಡೆಗೇ ತಿರುಗುತ್ತದೆ. ಗಟ್ಟಿ ತುಸು ಭಾರ. ಹಿಡಿದವನ ಕೈ ನಡುಗಿದರೂ ಚಿತ್ರ ನಡುಗದಂತೆ ತಡೆಯುವ ಏರ್ಪಾಡು ಅದರ ಹೊಟ್ಟೆಯೊಳಗಿದೆ. ಕಿಂಡಿಗೆ ಮಾತ್ರ ಕಣ್ಣು ಹಚ್ಚಿ ನೋಡುವ ಕಿಂಡಿ ಉಂಟು. ಅದು ಮಬ್ಬುಗತ್ತಲಲ್ಲೂ ಎದುರಿನವರ ಕಣ್ಣನ್ನು ತಾನೇ ಹುಡುಕಿ, ಅದರ ಮೇಲೆ ಹಸಿರು ಚೌಕ ಕೂರಿಸುತ್ತದೆ.

"ಮಿರರ್‌ಲೆಸ್ ಅಂದ್ರ ಒಳಗ ಕನ್ನಡಿ ಇಲ್ಲದ್ದು," ಎಂದು ನಾನು ವಿವರಿಸಿದೆ. "ಹಳೇ ಕ್ಯಾಮೆರಾದಾಗ ಕನ್ನಡಿ ಇರ್ತಿತ್ತು. ಫೋಟೊ ಹೊಡಿಯೋ ಮುಂದ ಟಪ್ ಅಂತ ಏಳ್ತಿತ್ತು."

"ಕನ್ನಡಿ ತಗದಾರಂದ್ರ ಸೋವಿ ಆಗಬೇಕಲ್ಲ?" ಎಂದಳು ಅಮರಮ್ಮ.

"ತುಟ್ಟಿ ಆಗೈತಿ ದೊಡ್ಡವ್ವ."

"ಇದ್ಯಾವ ಸೀಮಿ ವ್ಯಾಪಾರಲೇ! ಅಕ್ಕಿಯಾಗಿನ ಹಳ್ಳು ತಗದು ಹಳ್ಳಿನ ರೊಕ್ಕಾನೂ ಕೇಳಿದಂಗ."

ಸುಕನ್ಯಕ್ಕ ಮುಂದೆ ಓದಿದಳು. ಕತ್ತಲಲ್ಲಿ ಐಎಸ್‌ಒ ಏರಿಸಿದರೆ ಚಿತ್ರ ಬೆಳಗುತ್ತದೆ, ಆದರೆ ಕಾಳು ಕಾಳಾಗುತ್ತದೆ.

"ತಿಳೀಲಿಲ್ಲ," ಎಂದಳು ಅಮರಮ್ಮ. ಬೆರಳು ನಿಂತಿತು.

"ನುಚ್ಚು ಚೆಲ್ಲಿದಂಗ ಕಾಣತೈತಿ ದೊಡ್ಡವ್ವ," ಎಂದೆ. ಅವಳು ಭತ್ತದ ನಾಟಿ ಇಲ್ಲದ ದಿನಗಳಲ್ಲಿ ಅಕ್ಕಿ ಗಿರಣಿಯಲ್ಲಿ ಕಸ ಹೊಡೆಯುತ್ತಾಳೆ. ನುಚ್ಚು ಅಂದರೆ ಅವಳಿಗೆ ಗೊತ್ತು.

"ಎಷ್ಟು ನುಚ್ಚಾದ್ರ ಮೂಗು ಬಾಯಿ ಕಾಣಂಗಿಲ್ಲ? ಅದನ್ನ ಹೇಳು. ನನಗ ಮುಖ ಬೇಕು, ಚೆಂದ ಬ್ಯಾಡ."

ಅಂಥ ಪ್ರಶ್ನೆಯನ್ನು ಇಷ್ಟು ವರ್ಷದ ಸ್ಟುಡಿಯೋ ಕೆಲಸದಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಗಿಡ್ಡಿಯ ನುಚ್ಚು ಬೇಗ ಏಳುತ್ತದೆ, ಕಿಂಡಿಯದು ತಡವಾಗಿ ಎಂದೆ. ಗಿಡ್ಡಿ ಹಿಂದೆ ಬಿತ್ತು.

ಪವನ ತನ್ನ ಪಾಲಿನ ಸಾಲು ಓದಿದ. ಹಾಳೆಯನ್ನು ಬಲಗಣ್ಣಿನ ನೇರಕ್ಕೆ ಹಿಡಿದು, ಕುತ್ತಿಗೆ ಓರೆ ಮಾಡಿ ಓದುತ್ತಾನೆ ಈಗ. "ಶೂನ್ಯದಿಂದ ನಲವತ್ತು ಡಿಗ್ರಿ ಬಿಸಿಲಿನ ತನಕ ಕೆಲಸ ಮಾಡತೈತಂತ. ಮೂರೂವು ಅಷ್ಟ." ತಲೆ ಎತ್ತಿದ. "ಏಪ್ರಿಲ್‌ದಾಗ ನಮ್ಮಲ್ಲಿ ನಲವತ್ತೆರಡು. ಅಂದ್ರ ನಮ್ಮೂರಾಗ ಯಾ ಕ್ಯಾಮೆರಾನೂ ನಡಿಯಂಗಿಲ್ಲ, ನಾವಷ್ಟ ನಡೀತೀವಿ."

ಎಲ್ಲರೂ ನಕ್ಕರು. ಆ ನಗುವಿನಲ್ಲೇ ಸುಕನ್ಯಕ್ಕ ನಡುಕ ತಡೆಯುವ ಸಾಲಿಗೆ ಬಂದಳು. "ಇದು ನೋಡ್ರಿ ಮುಖ್ಯ. ಹೋದ ವರ್ಷ ಆದದ್ದೇನು? ನಿಂಗರಾಜನ್ನ ನೂಕಿದ್ರು, ಕೈ ಅಳ್ಳಾಡಿತು, ಮುಖ ತಪ್ಪಿತು. ನಮಗ ಗಟ್ಟಿನ ಬೇಕು ಅನ್ನಸ್ತದ ನನಗ."

ಹೌದು ಹೌದು ಎಂದರು ಎಲ್ಲ. ನನ್ನ ಸುಳ್ಳಿಗೆ ತಕ್ಕ ಯಂತ್ರವನ್ನು ಹನ್ನೆರಡು ಜನ ಕೂಡಿ ಹುಡುಕುತ್ತಿದ್ದರು, ಅದೂ ದಿನದ ಕೂಲಿಯಲ್ಲಿ ಉಳಿಸಿದ್ದನ್ನು ಕೂಡಿಸಿ. ನಾನೂ ತಲೆಯಾಡಿಸಿದೆ.

"ನನಗ ತಿಳೀಲಿಲ್ಲ," ಎಂದಳು ಅಮರಮ್ಮ. "ನೂಕಿದ್ರ ಕೈ ಅಳ್ಳಾಡತೈತಿ, ಖರೆ. ಕೆಳಗ ಯಾಕ ಇಳೀತೈತಿ?"

ಸುಕನ್ಯಕ್ಕನ ಬೆರಳು ಹಾಳೆಯ ಮೇಲೆ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು, ಅನುಮಾನದಿಂದಲ್ಲ. ಕ್ಯಾಮೆರಾ ಬಲ್ಲವನು ಉತ್ತರ ಹೇಳಲಿ ಎಂದು.

"ಬೀಳಾಕತ್ತಿತ್ತು ದೊಡ್ಡವ್ವ. ಹಿಡ್ಕೊಳ್ಳಾಕ ಹೋದೆ, ಹಂಗಾಗಿ ಇಳೀತು."

"ಹೂಂ," ಎಂದಳು. 'ತಿಳೀತು' ಅನ್ನಲಿಲ್ಲ. ನಿಯಮದ ಪ್ರಕಾರ ಸುಕನ್ಯಕ್ಕ ಕಾಯಬೇಕಿತ್ತು. ಲಿಂಗಸೂಗೂರಿಗೆ ಕಡೆಯ ಬಸ್ಸು ಹೊರಡುವ ಹೊತ್ತಾಗಿತ್ತು. ಅವಳು ಬೆರಳೆತ್ತಿ ಬ್ಯಾಟರಿಯ ಸಾಲಿಗೆ ಹೋದಳು. ಬಳಗ ಶುರುವಾದಂದಿನಿಂದ ನಿಯಮ ಮುರಿದದ್ದು ಅದೊಂದೇ ಸಲ.

*

ಮರುದಿನ ಸ್ಟುಡಿಯೋದಲ್ಲಿ ಹುಲಿಗೇಶ ನನ್ನ ಚೀಲದಿಂದ ಹೊರಗಿಣುಕಿದ್ದ ಹಾಳೆಯನ್ನು ಎಳೆದು ನೋಡಿದ. ಯಾವುದೋ ಮದುವೆಯ ಆಲ್ಬಂ ಕಂಪ್ಯೂಟರಿನ ಮೇಲೆ ತೆರೆದಿತ್ತು. ಮದುಮಗಳ ಬಣ್ಣವನ್ನು ನಾನು ಎರಡು ಮೆಟ್ಟಿಲು ಬಿಳಿ ಮಾಡಿದ್ದೆ. ಅವನು ಇನ್ನೂ ಒಂದು ಮೆಟ್ಟಿಲು ಏರಿಸಲು ಹೇಳಿದ್ದ.

"ಏನಲೇ ನಿಂಗ, ಹೊಸಾ ಸ್ಟುಡಿಯೋ ಇಡ್ತಿಯೇನು?"

"ಇಲ್ಲಣ್ಣ. ಕೇರಿಯೋರು ಕೂಡಿ ತಗೊಳ್ಳಾಕತ್ತಾರ. ಜಯಂತಿಗೆ."

ಅವನು ಕುರ್ಚಿ ಎಳೆದುಕೊಂಡು ಕೂತ. ಸಿಟ್ಟಾಗಲಿಲ್ಲ. ಪೆನ್ನು ತೆಗೆದು ಹಾಳೆಯ ಮೇಲೆ ಗುರುತು ಹಾಕುತ್ತಾ, ನನಗೆ ಮೊದಲ ದಿನ ಕಲಿಸಿದಂತೆಯೇ ತಾಳ್ಮೆಯಿಂದ ಹೇಳಿದ. "ಇದು ಬ್ಯಾಡ, ಅರ್ಧ ತಾಸು ವಿಡಿಯೋ ಹಿಡದ್ರ ಕಾದು ಬಂದ್ ಬೀಳತೈತಿ. ಇದು ಅಡ್ಡಿಯಿಲ್ಲ, ಆದ್ರ ಕತ್ಲಾಗ ಫೋಕಸ್ ಹುಡಕ್ಯಾಡ್ತದ. ಇದನ್ನ ತಗೋರಿ." ಕಿಂಡಿಯ ಸುತ್ತ ವೃತ್ತ ಎಳೆದ. "ಹೊತ್ತು ಮುಳುಗಿದ ಮ್ಯಾಲೂ ಮುಖ ಬಿಡಂಗಿಲ್ಲ. ಲೆನ್ಸ್ ಮಾತ್ರ ಬ್ಯಾರೆ ಹಾಕ್ರಿ, ಕ್ಯಾಮೆರಾ ಜೋಡಿ ಬರೋದು ಕತ್ಲಾಗ ಏನೂ ಕೆಲಸಕ್ಕ ಬರಂಗಿಲ್ಲ."

"ಆತಣ್ಣ."

"ಯಾರು ಹಿಡ್ಯಾವರು? ನೀನ ಹೌದಲ್ಲ?"

"ನಾನ."

ಪೆನ್ನಿನ ಮುಚ್ಚಳ ಹಾಕಿದ. "ಹಂಗಾರ ಯಾವುದು ತಗೊಂಡ್ರೂ ನಡೀತೈತಿ ಬಿಡು. ನಿನ್ನ ಕೈ ಮ್ಯಾಲ ನಂಗ ಭರೋಸಾ ಐತಿ."

ಹಾಳೆಯನ್ನು ಮಡಿಸಿ ನನ್ನ ಜೇಬಿಗೆ ಅವನೇ ತುರುಕಿದ. ಮತ್ತೆ ಮದುಮಗಳ ಮುಖದ ಕಡೆ ತಿರುಗಿದ. ಅವನಿಗೆ ಗೊತ್ತಿತ್ತು. ನಾನು ಕಂಡದ್ದನ್ನು ಅವನು ಅಂದೇ ಕಂಡಿದ್ದ. ವರ್ಷವಿಡೀ ನನ್ನ ಕೂಲಿ ತಪ್ಪಿಸಿರಲಿಲ್ಲ, ದೀಪಾವಳಿಗೆ ಅಂಗಿ ಕೊಡಿಸಿದ್ದ. ಅದನ್ನು ಹಾಕಿಕೊಂಡೇ ನಾನು ಪವನನ ಬಲಕ್ಕೆ ಕೂತು ಓದುತ್ತಿದ್ದೆ.

*

ಗುರುವಾರ ನಾವು ನಾಲ್ವರು ಸಿಂಧನೂರಿಗೆ ಹೋದೆವು: ರಜೆ ಹಾಕಿ ಬಂದ ಸುಕನ್ಯಕ್ಕ, ಅಮರಮ್ಮ, ಪವನ, ನಾನು. ಗೊರೇಬಾಳದ ಹತ್ತಿರ ಕಾಲುವೆ ನೀರಿನ ಭತ್ತ ಕಣ್ಣು ಕುಕ್ಕುವಷ್ಟು ಹಸಿರಾಗಿತ್ತು. ಅಮರಮ್ಮ ಕಿಟಕಿಯಾಚೆ ತೋರಿಸಿ, "ಆ ಮಡಿ ನಾ ಹಚ್ಚಿದ್ದು," ಎಂದಳು. ಯಾವ ಮಡಿ ಎಂದು ನೋಡುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನನ್ನೇಸಾಬರ ಅಂಗಡಿ. ಮೂವತ್ತು ವರ್ಷದಿಂದ ಕ್ಯಾಮೆರಾ ಬಿಚ್ಚಿ ಜೋಡಿಸುತ್ತಾ, ಹೊಸದನ್ನು ಮಾರುತ್ತಾ ಬಂದವರು. ಸುತ್ತಲಿನ ಫೋಟೊಗ್ರಾಫರುಗಳಿಗೆಲ್ಲ ಅವರು ಚಾಚಾ. ಅಮರಮ್ಮನಿಗೆ ಸ್ಟೂಲು ಹಾಕಿ, "ಕೂಡ್ರಿ ಅಮ್ಮಾ, ಚಾ ತರಸ್ತೀನಿ," ಎಂದು, ಗಟ್ಟಿ ಮತ್ತು ಕಿಂಡಿ ಎರಡನ್ನೂ ಗಾಜಿನ ಮೇಜಿನ ಮೇಲಿಟ್ಟರು. "ಬಾಯಿಮಾತು ಬ್ಯಾಡ, ಹಿಡದು ನೋಡ್ರಿ. ಯಾರಾದ್ರೂ ಒಬ್ರು ಮುಂದ ಕೂಡ್ರಿ."

ಪವನ ಕೂತ. ಚಾಚಾ ಬೆಳಕು ಆರಿಸಿ ಬಾಗಿಲು ಅರ್ಧ ಎಳೆದರು. ನಾನು ಗಟ್ಟಿಯನ್ನು ಹಿಡಿದು ಬೇಕೆಂದೇ ಕೈ ಕುಲುಕಿದೆ. ಪವನನ ಮುಖ ತೇಲಿದರೂ ಒಡೆಯಲಿಲ್ಲ, ಆದರೆ ಆ ಮಬ್ಬಿನಲ್ಲಿ ಒಮ್ಮೆ ಮುಖ, ಒಮ್ಮೆ ಹಿಂದಿನ ಗೋಡೆ ಎಂದು ಫೋಕಸ್ ಅಲೆದಾಡಿತು. ಹುಲಿಗೇಶ ಹೇಳಿದ್ದು ಸುಳ್ಳಾಗಿರಲಿಲ್ಲ. ಕಿಂಡಿಯನ್ನು ಎತ್ತಿದೆ. ಎತ್ತುತ್ತಲೇ ಹಸಿರು ಚೌಕ ಹಾರಿ ಪವನನ ಎಡಗಣ್ಣಿನ ಮೇಲೆ ಕೂತಿತು. ಗಾಜಿನ ಕಣ್ಣಿನ ಮೇಲೆ. ನಾನು ಕ್ಯಾಮೆರಾ ಸರಿಸಿದೆ. ಚೌಕ ಒಂದು ಗಳಿಗೆ ಬಲಕ್ಕೆ ಜಿಗಿದು ಮತ್ತೆ ಎಡಕ್ಕೇ ಬಂತು. ಹಾಗೆಯೇ ಒಂದು ಫೋಟೊ ಹೊಡೆದೆ.

"ಏನಂತೈತಿ? ಸಿಕ್ತೇನು ಕಣ್ಣು?" ಎಂದ ಪವನ.

"ಸಿಕ್ತು. ಬಲಗಣ್ಣು."

"ತೋರ್ಸು."

ಅವನು ಎದ್ದು ಬಂದು ಪರದೆಯಲ್ಲಿ ಆ ಫೋಟೊವನ್ನು, ಅದರ ಮೇಲಿನ ಚೌಕವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಭುಜಕ್ಕೆ ಗುದ್ದಿ, "ಸುಳ್ಯಾಕ ಹೇಳ್ತಿಲೇ ನಿಂಗ್ಯಾ," ಎಂದು ನಕ್ಕ. "ಇದಕ್ಕೂ ಗೊತ್ತಾಗಿಲ್ಲ ನೋಡು, ಪಾಪ. ಅಷ್ಟು ಚಲೋ ಮಾಡ್ಯಾರ ನನ್ನ ಕಣ್ಣು."

ಕ್ಯಾಮೆರಾ ಇಸಿದುಕೊಂಡು ಕಿಂಡಿಗೆ ತನ್ನ ಬಲಗಣ್ಣು ಹಚ್ಚಿದ. "ಇದು ನಂಗಂತನ ಮಾಡಿದ್ದು ನೋಡ್ರಿ. ಎರಡು ಇದ್ದೋರು ಒಂದು ಮುಚ್ಚಬೇಕು. ನಂದು ಮೊದಲ ಮುಚ್ಚೈತಿ." ಅಂಗಡಿಯ ಒಳಗೆ ನಾಲ್ಕು ಹೆಜ್ಜೆ ನಡೆದ, ಮೂಲೆಯ ಸ್ಟ್ಯಾಂಡಿಗೆ ಮೊಣಕೈ ತಗಲಿತು. ನಿಂತ. ದನಿಯಲ್ಲಿ ನಗೆ ಇರಲಿಲ್ಲ ಈಗ. "ಇದಕ್ಕ ಕಣ್ಣು ಹಚ್ಚಿದ್ರ ಹೊರಗಿಂದೇನೂ ಕಾಣವಲ್ದು. ಕಲ್ಲು ಬಂದ್ರೂ ತಿಳಿಯಂಗಿಲ್ಲ. ಬಾಜೂಕ ಒಬ್ಬ ಬೇಕು."

"ನಾ ಇರ್ತೀನಲ್ಲೋ," ಎಂದೆ.

ಹೇಳಿಬಿಟ್ಟೆ. ಅಷ್ಟು ಸಲೀಸಾಗಿ.

"ಮೊದಲ ಹೇಳ್ರಿ, ಯಾತಕ್ಕ ಬೇಕು ಇದು? ಮದುವಿಗೋ, ಯೂಟ್ಯೂಬಿಗೋ?" ಎಂದರು ಚಾಚಾ. ಸುಕನ್ಯಕ್ಕ ಎಲ್ಲವನ್ನೂ ಹೇಳಿದಳು; ಪವನನ ಕಣ್ಣು, ನೂಕಾಟ, ತಪ್ಪಿದ ಮುಖ. ತನ್ನ ಮೊಬೈಲಿನಲ್ಲಿದ್ದ ವಿಡಿಯೋವನ್ನೂ ಕೊಟ್ಟಳು. "ಇದನ್ನ ನೋಡಿ ಹೇಳ್ರಿ ಚಾಚಾ. ಇಂಥಾ ಹೊತ್ತಿನ್ಯಾಗ, ಇಂಥಾ ಗದ್ದಲದಾಗ, ಯಾವುದು ನಡೀತದ?"

ಚಾಚಾ ಕನ್ನಡಕ ಏರಿಸಿ, ಆಲ್ಬಂ ತೋರಿಸುವ ದೊಡ್ಡ ಟೀವಿಗೆ ವಿಡಿಯೋ ಹಾಕಿದರು. ಒಮ್ಮೆ ಪೂರ್ತಿ ಓಡಿಸಿದರು. ಅಂಗಡಿಯಲ್ಲಿ ಅಮರಮ್ಮನ ಚೀರಾಟ ತುಂಬಿತು. ಸ್ಟೂಲಿನ ಮೇಲೆ ಕೂತ ಅಮರಮ್ಮ ಅದನ್ನು ಕೇಳುತ್ತಾ ಸೆರಗಿನ ಅಂಚು ಸುತ್ತುತ್ತಿದ್ದಳು. ಚಾಚಾ ಹಿಂದಕ್ಕೆ ಹೋಗಿ, ಹದಿನೇಳನೆಯ ಸೆಕೆಂಡನ್ನು ಒಂದೊಂದೇ ಚಿತ್ರವಾಗಿ ಸರಿಸಿದರು. ಟ್ರ್ಯಾಕ್ಟರಿನ ದೀಪ. ಅಂಗಡಿಯ ಬೋರ್ಡಿನ ಕೆಳಗೆರೆ. ಕಟ್ಟೆಯ ತುದಿ. ಆಮೇಲೆ ಕಟ್ಟೆ ಮೇಲಕ್ಕೆ ಹೋಗಿ, ನೆಲ ಬಂತು.

"ಅಮ್ಮಾ, ಇದಕ್ಕ ನಡುಕ ತಡಿಯೋ ಕ್ಯಾಮೆರಾ ಬೇಕಾಗಿಲ್ರಿ," ಎಂದರು ಟೀವಿಯ ಕಡೆಗೇ ನೋಡುತ್ತಾ. "ನೂಕಿದ ವಿಡಿಯೋ ನಾ ಸಾವಿರ ನೋಡೀನಿ. ಮದುವಿಯಾಗ ಬ್ಯಾಂಡಿನೋರು ನೂಕ್ತಾರ, ಹುಡುಗ್ರು ಕುಣಿಯೋ ಮುಂದ ಬಡೀತಾರ. ನೂಕಿದ್ರ ಚಿತ್ರ ಅಡ್ಡ ಹಾರತೈತಿ, ಸೊಟ್ಟ ಆಗತೈತಿ. ಇಲ್ಲಿ ನೋಡ್ರಿ." ಬೋರ್ಡಿನ ಗೆರೆಯ ಮೇಲೆ ಬೆರಳಿಟ್ಟರು. "ಗೆರಿ ನೆಟ್ಟಗ ಐತಿ. ನೆಟ್ಟಗನ ಮ್ಯಾಲ ಹೋಗೈತಿ. ಇದು ಬಿದ್ದದ್ದೂ ಅಲ್ಲ, ನೂಕಿದ್ದೂ ಅಲ್ಲ. ಹಿಡದಾತ ತಾನ ಇಳಿಸ್ಯಾನ. ಆರಾಮ್‌ಸೆ. ಯಾರು ಹಿಡದಿದ್ರು?"

ಚಾಚಾ ತಿರುಗಿ ನಮ್ಮ ಮುಖಗಳನ್ನು ನೋಡಿ, ಏನೋ ಅರ್ಥವಾದವರಂತೆ ಬೆರಳು ತೆಗೆಯಲು ಹೋದರು.

"ತಗೀಬ್ಯಾಡ್ರಿ," ಎಂದಳು ಅಮರಮ್ಮ. "ಬೆರಳು ಅಲ್ಲೇ ಇಡ್ರಿ. ನನಗ ತಿಳೀಲಿಲ್ಲ."

ಸುಕನ್ಯಕ್ಕ ತಲೆ ತಗ್ಗಿಸಿದಳು. ಭಾನುವಾರ ತಾನು ಎತ್ತಿದ ಬೆರಳು ಅವಳಿಗೆ ನೆನಪಾಗಿರಬೇಕು.

ನಾನು ಹೇಳಿದೆ. ಕಟ್ಟೆ, ಕೈ, ಕಲ್ಲು. ಹೆಸರು. ಹೇಳಲು ಎಷ್ಟು ಹೊತ್ತು ಬೇಕಾಯಿತು? ಆ ವಿಡಿಯೋದಷ್ಟೂ ಬೇಕಾಗಲಿಲ್ಲ.

ಪವನ ಕ್ಯಾಮೆರಾವನ್ನು ಕಣ್ಣಿನಿಂದ ತೆಗೆದಿರಲಿಲ್ಲ. ಅದು ನನ್ನ ಕಡೆಗೇ ಇತ್ತು. ಆ ಹಸಿರು ಚೌಕ ನನ್ನ ಯಾವ ಕಣ್ಣಿನ ಮೇಲೆ ಕೂತಿತ್ತೋ. ಬಡಿಯುತ್ತಾನೆ ಎಂದುಕೊಂಡೆ. ಬಡಿದಿದ್ದರೆ ಚೆನ್ನಾಗಿತ್ತು. ಅವನು ನಿಧಾನವಾಗಿ ಕ್ಯಾಮೆರಾ ಇಳಿಸಿ, ಅದರ ಹೆಗಲಪಟ್ಟಿ ಸುತ್ತಿ, ಗಾಜಿನ ಮೇಲೆ ಸದ್ದಾಗದಂತೆ ಇಟ್ಟ.

"ಒಂದ್ ವರ್ಸ," ಎಂದಳು ಅಮರಮ್ಮ. ದನಿ ಏರಿಸಲಿಲ್ಲ. "ಒಂದ್ ವರ್ಸ ನಾ ಊರಾಗಿನ ಗಂಡಸರ ಕೈ ನೋಡಾಕತ್ತೀನಿ. ಅಂಗಡ್ಯಾಗ ಸಕ್ರಿ ಕಟ್ಟೋ ಕೈ ನೋಡ್ತೀನಿ, ಕಲ್ಲು ಒಗದದ್ದು ಇದ ಕೈಯೇನು ಅಂತ. ಗಿರಣ್ಯಾಗ ಚೀಲ ಎತ್ತೋ ಕೈ, ಇದೇನು ಅಂತ. ಹುಲಿಗೇಶನ ತಂಗಿ ಮದುವಿಗೆ ಭಾಂಡಿ ತಿಕ್ಕಾಕ ಹೋಗಿದ್ನೆಲ್ಲೋ ಯಪ್ಪಾ. ಅವ ಎಲಿಯಾಗ ಬುಂದೆ ಕಟ್ಟಿ ಕೊಟ್ಟ. ಇವಂಗ ತಂದು ತಿನ್ನಿಸಿದೆ." ಮಗನ ಕಡೆ ಕೈ ಮಾಡಿದಳು. "ನೀನೂ ಅಲ್ಲೇ ಫೋಟೊ ಹೊಡಿಯಾಕತ್ತಿದ್ದಿ. ನಾ ಕೈ ಒಡ್ಡಿದ್ದು ನೀ ನೋಡ್ದಿ."

ನೋಡಿದ್ದೆ.

"ಯಾಕ ಹೇಳ್ಲಿಲ್ಲ ಅಂತ ನಾ ಕೇಳಂಗಿಲ್ಲ," ಎಂದಳು ಸುಕನ್ಯಕ್ಕ. "ನಾಳೆ ಲಿಂಗಸೂಗೂರಾಗ ಹೇಳ್ತಿಯೋ ಇಲ್ಲೋ?"

ನನ್ನೇಸಾಬರು ಕಿಂಡಿಯನ್ನು ಎತ್ತಿ, ಬಟ್ಟೆಯಿಂದ ಒರೆಸಿ, ಡಬ್ಬಿಯೊಳಗೆ ಇಟ್ಟರು. ಗಟ್ಟಿಯನ್ನೂ ಇಟ್ಟರು. ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು.

*

ಶುಕ್ರವಾರ ಕೋರ್ಟಿನ ಪಡಸಾಲೆಯಲ್ಲಿ ಗಂಗಾದೇವಿ ವಕೀಲರು ನನ್ನ ಹಳೆಯ ಹೇಳಿಕೆ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆಗ 'ಕಾಣಲಿಲ್ಲ' ಅಂತ ಬರಸೀದಿ. ಈಗ ಕಂಡೆ ಅಂತಿ. ವರ್ಷ ಸುಮ್ನಿದ್ದಾತನ ಮಾತಪ್ಪ ಇದು. ಅಮರಮ್ಮನ ಕಣ್ಣೀರಿಗಿದ್ದ ಬೆಲೀನೂ ಇದಕ್ಕಿರಂಗಿಲ್ಲ. ಆದ್ರೂ ಹೇಳು."

ಹೇಳಿದೆ. ಪ್ರಮಾಣ ಮಾಡಿ ಹೇಳಿದೆ. ಟೈಪು ಮಾಡುವಾಕೆ ಹುಲಿಗೇಶನ ಹೆಸರಿನ ಕಾಗುಣಿತವನ್ನು ಎರಡು ಸಲ ಕೇಳಿದಳು. ನ್ಯಾಯಾಧೀಶರು ಒಂದೇ ಪ್ರಶ್ನೆ ಕೇಳಿದರು: "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಹೆದರಿದ್ದೆ ಸಾಹೇಬ್ರ."

'ಭಯದಿಂದ' ಎಂದು ಟೈಪಾಯಿತು. ಅದು ಅರ್ಧ ಸತ್ಯ. ನನಗೆ ಕ್ಯಾಮೆರಾ ಬೇಕಿತ್ತು; ಅದನ್ನು ಹಿಡಿದು ಅಗಸಿಯೊಳಗಿನ ಮನೆಗಳ ಮದುವೆ ಹಂದರಕ್ಕೆ ನುಗ್ಗಿದರೆ ಯಾರೂ ಹೊರಗೆ ನಿಲ್ಲು ಅನ್ನುತ್ತಿರಲಿಲ್ಲ. ಆ ಆಸೆಗೆ ಕಾಗದದಲ್ಲಿ ಯಾವ ಶಬ್ದ ಬರೆಯಬೇಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಹಿ ಮಾಡಿದೆ. ಆದೇಶಕ್ಕೆ ಮುಂದಿನ ದಿನಾಂಕ ಕೊಟ್ಟರು. ಅದು ಏಪ್ರಿಲ್ ಕೊನೆಗೆ. ಜಯಂತಿ ಅದಕ್ಕೂ ಮೊದಲೇ ಬಂದು ಹೋಗುತ್ತದೆ.

ಹೊರಗೆ ಬಂದಾಗ ಮೊಬೈಲು ಮಿಡಿಯಿತು. ಹುಲಿಗೇಶನ ಮೆಸೇಜು: 'ಕ್ಯಾಮೆರಾ ತಗೊಂಡ್ರೇನು? ಯಾವುದು?' ಅವನಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಸಂಜೆಯೊಳಗೆ ಮುಟ್ಟುತ್ತದೆ.

ಸುಕನ್ಯಕ್ಕ ಶಾಲೆಗೆ ಹೋದಳು. ನಾವು ಮೂವರು ಮಸ್ಕಿ ಬಸ್ಸು ಹತ್ತಿದೆವು. ಮೂವರ ಸೀಟಿನ ನಡುವೆ ಪವನ ಕೂತ. ರೂಢಿಯಂತೆ ನಾನು ಅವನ ಬಲಕ್ಕೆ ಹೋದೆ. ಅವನು ಅಲ್ಲಿ ಅಂಗೈ ಊರಿದ. "ಅವ್ವ ಕೂಡ್ತಾಳ." ಅಮರಮ್ಮ ಬಂದು ಕೂತಳು. ಪವನ ನನ್ನನ್ನು ನೋಡದೆಯೇ ಎಡಗಡೆಯ ಸೀಟನ್ನು ತಟ್ಟಿದ.

ಕೂತೆ. ಅಲ್ಲಿಂದ ಕಾಣುವುದು ಗಾಜಿನ ಕಣ್ಣು ಮಾತ್ರ. ಒಂದು ವರ್ಷದಲ್ಲಿ ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕರಿಗುಡ್ಡೆಯ ಸುತ್ತ ಕಂದು ಬಣ್ಣ, ಬಿಳಿಯಲ್ಲಿ ಸಣ್ಣ ಕೆಂಪು ಎಳೆಗಳನ್ನೂ ಬಿಡಿಸಿದ್ದರು. ಬಹಳ ಚೆನ್ನಾಗಿ ಮಾಡಿದ್ದರು.

ಊರು ಹತ್ತಿರವಾದಾಗ ಅವನು ತಾಯಿಗೆ ಹೇಳಿದ, "ಈ ವರ್ಸಾನೂ ಫೋಟೊ ನಾನ ಹಿಡೀತೀನಿ."

"ಹಿಡಿ," ಎಂದಳು ಅಮರಮ್ಮ. "ಎಡಕ್ಕ ನಾ ನಿಂದರ್ತೀನಿ."

"ಕ್ಯಾಮೆರಾ ಯಾರು ಹಿಡೀತಾರ?" ಎಂದ ಪವನ.

ಬಸ್ಸಿನ ಕುಲುಕಾಟಕ್ಕೆ ಪವನನ ಭುಜ ನನ್ನ ಭುಜಕ್ಕೆ ತಾಗಿತು. ಅವನು ಕುತ್ತಿಗೆ ಹೊರಳಿಸಲಿಲ್ಲ. ನಾವು ಇಳಿಯುವವರೆಗೂ ಆ ಕಣ್ಣು, ರೆಪ್ಪೆ ಬಡಿಯುತ್ತಾ, ನೇರ ಮುಂದಕ್ಕೆ ನೋಡುತ್ತಿತ್ತು.